ಪರದೆಯ ಹಿಂದಿನ ನಾತಾಳ ಸೂಟಿ

ನಮ್ಮ ನೀಲವ್ವ ಚಿಗವ್ವನ ಮೂಗುತಿ ಬಲ ಮೂಗಿನಲ್ಲಿದೆ. ನಮ್ಮ ಹುಬ್ಬಳ್ಳಿ ಕಡೆ ಹೆಣ್ಣುಮಕ್ಕಳು ಚುಚ್ಚಿಸಿಕೊಳ್ಳುವುದು ಎಡಕ್ಕೆ. ಮೊನ್ನೆ ಆಕೆ ಧಾರವಾಡಕ್ಕೆ ನನ್ನ ಮನೆಗೆ ಬಂದಾಗ, ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಆಕೆಯನ್ನು ಅರ್ಧ ತಾಸು ನೋಡಿ ನೋಡಿ, ಕೊನೆಗೆ ತಡೆಯಲಾರದೆ, "ನಿಮ್ಮ ತವರುಮನಿ ಯಾವ ಸೀಮ್ಯಾಗ ಬರ್ತೈತ್ರಿ?" ಎಂದು ಕೇಳಿಯೇಬಿಟ್ಟಳು.

"ಇಲ್ಲೇ ಉಣಕಲ್ಲ ಊರ ನಂದವಾ," ಎಂದಳು ಚಿಗವ್ವ. "ಸೀಮಿ ಬ್ಯಾರೆ ಅಲ್ಲ, ನಾ ಕುಂತ ಜಾಗಾ ಬ್ಯಾರೆ. ಸಿನೆಮಾದ ಪರದೆ ಹಿಂದ ಕುಂತು ಮೂಗು ಕೆಡಿಸಿಕೊಂಡೆ."

ಆ ಹುಡುಗಿ ಬೆಪ್ಪಾಗಿ ನನ್ನ ಮುಖ ನೋಡಿದಳು. ಅವಳದೇನು ತಪ್ಪು? ಈಗಿನವರು ಕುರ್ಚಿಯ ಮೇಲೆ ಕುಳಿತು ಮಾತಾಡುವ, ಹಾಡುವ, ಸಾಯುವಾಗಲೂ ಹಾಡುವ ಚಿತ್ರ ನೋಡುತ್ತಾರೆ. ನಾವು ಹಾಗಲ್ಲ. ಚಿತ್ರ ಇನ್ನೂ ಮೂಕವಾಗಿದ್ದ ಕಾಲ ನಮ್ಮದು. ನಾವು ಅದನ್ನು ಬೆನ್ನಿನ ಕಡೆಯಿಂದ ನೋಡಿದವರು. ಚಿಗವ್ವ ಚಹಾ ಕುಡಿದು ಮಲಗಿದ ಮೇಲೆ ನನಗೆ ಅದೆಲ್ಲ ಒಂದೊಂದಾಗಿ ನೆನಪಿಗೆ ಬರತೊಡಗಿತು. ನಾತಾಳದ, ಅಂದರೆ ಕ್ರಿಸ್‌ಮಸ್ಸಿನ ಸೂಟಿ ಬೇರೆ ಬಂದಿದೆ, ಸಾಲಿಗೆ ಹೋಗುವ ನನ್ನ ಮಕ್ಕಳು ಯಾವ ಸಿನೆಮಾ ಎಂದು ಬೆಳಗಿನಿಂದ ಜಗಳ ತೆಗೆದಿದ್ದಾರೆ. ಅವರು ಜಗಳ ಮುಗಿಸುವವರೆಗೆ ನಿಮಗಾದರೂ ಹೇಳಿಬಿಡುತ್ತೇನೆ.

ನಮ್ಮ ಮನೆಯಲ್ಲಿ ಯಾರೂ ಕಿರಿಸ್ತಾನರಿರಲಿಲ್ಲ. ದಿನಕ್ಕೆ ಎರಡು ಹೊತ್ತು ಲಿಂಗಪೂಜೆಯಾಗದೆ ನಮ್ಮ ಮನೆಯಲ್ಲಿ ನೀರು ಸಹ ಗಂಟಲಿಗಿಳಿಯುತ್ತಿರಲಿಲ್ಲ. ಆದರೂ ಏಸುಸ್ವಾಮಿ ಹುಟ್ಟಿದ್ದಕ್ಕೆ ನಮ್ಮಷ್ಟು ಸಂತೋಷಪಟ್ಟವರು ಹುಬ್ಬಳ್ಳಿಯಲ್ಲಿ ಇನ್ನಾರೂ ಇರಲಾರರು. ಸಾಲಿಗೆ ಸೂಟಿ, ಕಚೇರಿಗೆ ಸೂಟಿ, ರೇಲ್ವೆ ಕಾರ್ಖಾನೆಗೂ ಸೂಟಿ. ಊರಿಗೆ ಊರೇ ಕೈ ಖಾಲಿ ಮಾಡಿಕೊಂಡು ಕುಳಿತಿರುವುದು ಗೊತ್ತಿದ್ದೇ ಸಿನೆಮಾದ ಡೇರೆಯವನು ಆ ಹತ್ತು ದಿನಕ್ಕೆ ಸರಿಯಾಗಿ ಬರುತ್ತಿದ್ದ. ಮಳೆ ಮುಗಿದು ನೆಲ ಒಣಗಿರುತ್ತಿತ್ತು. ಹೊತ್ತು ಬೇಗ ಮುಳುಗುವುದರಿಂದ ದೀಪ ಹಚ್ಚುವ ಹೊತ್ತಿಗೇ ಆಟ ಸುರುವಾಗುತ್ತಿತ್ತು. ಹೊಲದಿಂದ ಹೊಸ ಸೀತನಿ ಬಂದಿರುತ್ತಿತ್ತು. ಎಳೆ ಜೋಳದ ತೆನೆಯನ್ನು ಬೆಂಕಿಯಲ್ಲಿ ಸುಟ್ಟು ಉದುರಿಸಿ, ಬೆಲ್ಲ ಪುಠಾಣಿ ಕಲಸಿಕೊಂಡು, ಉಡಿಯಲ್ಲಿ ಕಟ್ಟಿಕೊಂಡು ಹೋಗಿ ಕತ್ತಲಲ್ಲಿ ತಿನ್ನುತ್ತ ನೋಡದಿದ್ದರೆ ಅದು ಸಿನೆಮಾವೇ ಅಲ್ಲ ಎಂದು ನಾನು ಈಗಲೂ ಹೇಳುತ್ತೇನೆ.

ಡೇರೆಯ ನಟ್ಟನಡುವೆ ಒಂದು ದೊಡ್ಡ ಬಿಳಿಯ ಪರದೆ. ಅದರ ಮುಂದೆ ಗಂಡಸರು, ಹಿಂದೆ ಹೆಂಗಸರು. ಚಿತ್ರದ ಯಂತ್ರ ಗಂಡಸರ ಕಡೆಗಿರುತ್ತಿತ್ತು. ಆಟಕ್ಕೆ ಮೊದಲು ಪರದೆಗೆ ಕೊಡಗಟ್ಟಲೆ ನೀರು ಉಗ್ಗಿ ಚೆನ್ನಾಗಿ ತೋಯಿಸಿದರೆ ಬೆಳಕು ಅದನ್ನು ಹಾಯ್ದು ನಮ್ಮ ಕಡೆಗೂ ಚಿತ್ರ ಮೂಡುತ್ತಿತ್ತು. ನೀರು ಉಗ್ಗುವವನಿಗೆ ಹಿಂದೆ ಮನುಷ್ಯರಿದ್ದಾರೆಂಬ ಖಬರು ಇರುತ್ತಿರಲಿಲ್ಲ. ನಾತಾಳದ ಚಳಿಯಲ್ಲಿ ಮುಂದಿನ ಸಾಲಿನ ಹೆಂಗಸರು ಅರ್ಧ ತೋಯ್ದು, ಅವನ ಏಳು ತಲೆಮಾರನ್ನು ಬೈಯುತ್ತ ಕಂಬಳಿ ಹೊದೆಯುತ್ತಿದ್ದರು. ಹೀಗೆ ಹಿಂದೆ ಕೂಡಿಸಿದ್ದರಿಂದಲೇ ಮಾನಸ್ಥ ಮನೆತನದವರು ತಮ್ಮ ಹೆಂಗಸರನ್ನು ಕಳಿಸುತ್ತಿದ್ದರು ಎಂಬುದೂ ಖರೆ.

ಹಿಂದಿನಿಂದ ನೋಡಿದರೆ ಏನಾಗುತ್ತದೆ? ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ನಮ್ಮ ಕಡೆಯ ರಾಜರೆಲ್ಲ ಎಡಗೈಯಲ್ಲಿ ಕತ್ತಿ ಹಿಡಿಯುತ್ತಿದ್ದರು, ಎಡಗೈಯಲ್ಲಿ ಉಣ್ಣುತ್ತಿದ್ದರು, ಋಷಿಗಳು ಎಡಗೈ ಎತ್ತಿ ಆಶೀರ್ವಾದ ಮಾಡುತ್ತಿದ್ದರು. ನಮಗೆ ಇದು ಪರದೆಯ ಚಮತ್ಕಾರವೆಂದು ಗೊತ್ತಿರಲಿಲ್ಲ, ಸಿನೆಮಾದ ಜನರ ಪದ್ಧತಿಯೇ ಹಾಗೆ ಎಂದುಕೊಂಡಿದ್ದೆವು. ಮನೆಗೆ ಬಂದ ಮೇಲೆ ಅಪ್ಪ, "ರಾಜಾ ಬಲಗೈಲೇ ರಾಣಿನ್ನ ಹೊರಗ ದಬ್ಬಿದ," ಎಂದರೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, "ನಾ ಕಣ್ಣಾರೆ ನೋಡೇನಿ, ಎಡಗೈ. ಅಂಥಾ ಕೆಲಸಾ ಎಡಗೈಲೇನಽ ಮಾಡೂದು," ಎನ್ನುತ್ತಿದ್ದಳು. ಇಬ್ಬರೂ ನೋಡಿದ್ದು ಖರೆಯೇ, ಆದ್ದರಿಂದ ಜಗಳ ಮುಂದಿನ ನಾತಾಳದವರೆಗೂ ಬಗೆಹರಿಯುತ್ತಿರಲಿಲ್ಲ.

ನೀಲವ್ವ ಚಿಗವ್ವ ನಮ್ಮ ಕಾಕಾನ ಹೆಂಡತಿಯಾಗಿ ಬಂದ ಹೊಸತು. ಚಿಕ್ಕಂದಿನಲ್ಲಿ ಯಾಕೋ ಮೂಗು ಚುಚ್ಚಿಸಿರಲಿಲ್ಲ. ಪರದೆಯ ಮೇಲೆ ರಾಣಿಯ ನತ್ತು ನೋಡಿ ಬಂದು ಮರುದಿನವೇ ಚಿನ್ನದ ಕೆಲಸದ ಪತ್ತಾರನನ್ನು ಕರೆಸಿದಳು. ಆತ ಎಡಕ್ಕೆ ಮಸಿ ಹಚ್ಚಿದರೆ ಈಕೆ ಒರೆಸಿ ಬಲಕ್ಕೆ ಹಚ್ಚಿಕೊಂಡಳು. "ರಾಣಿದು ಇಲ್ಲೆ ಇತ್ತು, ನನಗೂ ಇಲ್ಲೇ ಬೇಕು," ಎಂದು ಹಠ ಹಿಡಿದಳು. ಪಾಪ, ಪತ್ತಾರನೂ ರಾಣಿಯನ್ನು ನೋಡಿದ್ದ. ಆದರೆ ಮುಂದಿನಿಂದ. ಸಾಹುಕಾರರ ಮನೆಯ ಸೊಸೆಯ ಎದುರು ವಾದಿಸುವುದು ಯಾಕೆಂದು ಚುಚ್ಚಿ ಹೋದ.

ಈಗ ನನ್ನ ಕಥೆಗೆ ಬರುತ್ತೇನೆ. ಚಿಗವ್ವ ಕೆಡಿಸಿಕೊಂಡದ್ದು ಮೂಗು ಮಾತ್ರ. ನಾನು ಮಾಡಿದ್ದು ಅದಕ್ಕಿಂತ ದೊಡ್ಡ ಭಾನಗಡಿ.

ಮೂಕ ಚಿತ್ರವೆಂದ ಮೇಲೆ ಪಾತ್ರಗಳು ಬಾಯಿ ಅಲುಗಿಸುತ್ತಿದ್ದವು, ಆಮೇಲೆ ಪರದೆಯ ತುಂಬ ಅಕ್ಷರ ಬರುತ್ತಿತ್ತು. ಮೇಲೆ ಇಂಗ್ರೇಜಿ, ಕೆಳಗೆ ಬಾಳಬೋಧ, ಅಂದರೆ ದೇವನಾಗರಿ ಲಿಪಿಯಲ್ಲಿ ಮರಾಠಿ. ಗಂಡಸರ ಕಡೆಗೆ ಒಬ್ಬ ಮಾಸ್ತರ ಬೆತ್ತ ಹಿಡಿದು ನಿಂತು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದ. ಆತನ ಜೊತೆಗೆ ಪೇಟಿ ತಬಲಾದವರು. ನಮ್ಮ ಕಡೆಗೆ ಏನಿತ್ತು? ಬೆಳಕಿನ ಇಂಜಿನ್ನು. ಗಂಡಸರಿಗೆ ಗದ್ದಲವಾಗಬಾರದೆಂದು ಅದನ್ನು ತಂದು ಹೆಂಗಸರ ಬೆನ್ನಿಗೆ ಇಟ್ಟಿದ್ದರು. ಅದು ಬಡಬಡ ಬಡಿಯುವ ಸಪ್ಪಳದಲ್ಲಿ ಮಾಸ್ತರನ ಒಂದು ಮಾತೂ ನಮಗೆ ಮುಟ್ಟುತ್ತಿರಲಿಲ್ಲ.

ನಾನು ಎರಡನೇ ಇಯತ್ತೆಯಲ್ಲಿದ್ದ ವರ್ಷ ಆಯಿಗೆ ಇದು ಸಾಕಾಗಿಹೋಯಿತು. ಒಳ್ಳೆಯ ಜಾಗದಲ್ಲಿ ರಾಣಿ ಅಳುತ್ತಿದ್ದಾಳೆ, ಯಾಕೆಂದು ಗೊತ್ತಿಲ್ಲ. ಆಯಿ ನನ್ನ ಜಡೆ ಹಿಡಿದು ಮುಂದಕ್ಕೆಳೆದಳು.

"ಗಂಗೀ, ಸಾಲಿಗೆ ಹೋಗ್ತಿಯಿಲ್ಲೋ? ಓದು ಅದನ್ನ. ಆ ಇಂಜಿನ್ನಿಗಿಂತ ಜೋರಾಗಿ ಓದು."

ನನಗೆ ಬರುತ್ತಿದ್ದದ್ದು ಕನ್ನಡದ ಕಾಗುಣಿತ. ಎದುರಿಗಿದ್ದದ್ದು ಬಾಳಬೋಧ, ಅದೂ ತಿರುವುಮುರುವು. ಬರುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಲವತ್ತು ಹೆಂಗಸರು ಸೀತನಿ ತಿನ್ನುವುದನ್ನು ನಿಲ್ಲಿಸಿ ನನ್ನ ಬಾಯನ್ನೇ ನೋಡುತ್ತಿದ್ದರು. ಆಯಿಯ ಪಕ್ಕದಲ್ಲಿ ಅವಳ ಜೀವದ ಗೆಳತಿ ಬೀಬಿಜಾನ್ ಇದ್ದಳು, ನಮ್ಮ ಓಣಿಯ ಗಾದಿ ಹೊಲಿಯುವವರ ಮನೆಯವಳು. "ಓದು ಬೇಟೀ, ಓದು," ಎಂದು ಬೆನ್ನು ಚಪ್ಪರಿಸಿದಳು. ನನಗೆ ನಾಚಿಕೆ ಬಂತು. ನಾಚಿಕೆಯಲ್ಲಿ ಬಾಯಿ ತೆರೆದೆ. ರಾಣಿಯ ಮುಖ ನೋಡಿ ಏನು ತೋಚಿತೋ ಅದನ್ನು ಕೂಗಿದೆ.

"ನಾ ಕದ್ದಿಲ್ಲ! ನಿನ್ನ ತಂಗೀನ್ನ ಕೇಳು!"

ಹೆಂಗಸರ ಕಡೆ ಹೋ ಎಂದು ಗದ್ದಲವೆದ್ದಿತು. "ನಾದಿನೀದಽ ಕಿತಾಪತಿ! ನಾ ಹೇಳಲಿಲ್ಲಾ?" ಎಂದು ಯಾರೋ ತೊಡೆ ತಟ್ಟಿದರು. ಅಂದಿನಿಂದ ನಾನು ಪರದೆ ಹಿಂದಿನ ಮಾಸ್ತರಳಾದೆ.

ಡೇರೆಯವನ ಹತ್ತಿರ ಮೂರೇ ಒಳ್ಳೆಯ ಚಿತ್ರಗಳಿದ್ದವು, ಅವೇ ಪ್ರತಿ ನಾತಾಳಕ್ಕೂ ತಿರುಗಿ ಬರುತ್ತಿದ್ದವು. ಒಂದು, ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಕುದುರೆ ಸವಾರನದು. ಅದರಲ್ಲಿ ಮಾತು ಕಡಿಮೆ, ನನಗೆ ಕೆಲಸ ಹಗುರು. ಇನ್ನೊಂದು ಬಿಳಿಯರ ನಗೆ ಚಿತ್ರ, ದಪ್ಪನೆಯವನೊಬ್ಬ ನಿಚ್ಚಣಿಕೆ ಹೊತ್ತುಕೊಂಡು ಊರವರನ್ನೆಲ್ಲ ಕೆಡವುತ್ತ ಹೋಗುತ್ತಿದ್ದ. "ಇವರವ್ವ ಇವಗ ಉಣ್ಣಾಕ ಹಾಕ್ಯಾಳ, ಬುದ್ಧಿ ಹಾಕೂದು ಮರತಾಳ," ಎಂದು ಆಯಿ ಪ್ರತಿ ಸಲವೂ ಹೇಳುತ್ತಿದ್ದಳು, ಪ್ರತಿ ಸಲವೂ ಬೀಬಿಜಾನ್ ಹೊಸದಾಗಿ ಕೇಳಿದಂತೆ ನಗುತ್ತಿದ್ದಳು.

ಮೂರನೆಯದು ರಾಣಿಯ ಚಿತ್ರ. ಅದು ನಮ್ಮೆಲ್ಲರ ಪ್ರಾಣ. ರಾಜ ಚಾಡಿ ಮಾತು ಕೇಳಿ ರಾಣಿಯನ್ನು ಹೊರಗೆ ಹಾಕುತ್ತಾನೆ. ಆಕೆ ಹಳ್ಳಿಯೊಂದರ ಗುಡಿಸಲಲ್ಲಿ ಬೀಸುವ ಕಲ್ಲು ತಿರುವುತ್ತ ಹೊಟ್ಟೆ ಹೊರೆಯುತ್ತಾಳೆ. ಎಷ್ಟೋ ವರ್ಷದ ಮೇಲೆ ಬೇಟೆಗೆ ಹೋದ ರಾಜ ದಾರಿ ತಪ್ಪಿ, ನೀರು ಕೇಳುತ್ತ ಅದೇ ಬಾಗಿಲಿಗೆ ಬರುತ್ತಾನೆ. ಗುರುತು ಹಿಡಿಯುತ್ತಾನೆ. ರಾಣಿ ಅವನ ಮುಂದೆ ಬಾಗುತ್ತಾಳೆ, ಬಾಯಿ ಅಲುಗುತ್ತದೆ, ಪರದೆಯ ಮೇಲೆ ಅಕ್ಷರ ಮೂಡುತ್ತದೆ. ಅಲ್ಲಿ ನಾನು ಓದುತ್ತಿದ್ದದ್ದು ಹೀಗೆ:

"ಮೊದಲ ಇಲ್ಲೆ ಕೂಡು. ಎರಡು ಸೇರು ಜೋಳಾ ಬೀಸಿಕೊಡು. ಆಮ್ಯಾಲೆ ಮಾತು!"

ಹಾಗಾದರೆ ರಾಣಿ ಬಾಗಿದ್ದು ಯಾಕೆ ಎಂದು ನೀವು ಕೇಳಬಹುದು. ಬೀಬಿಜಾನಳೂ ಕೇಳಿದಳು. ಅವನು ಕೂಡಲಿಕ್ಕೆ ನೆಲದ ಹಿಟ್ಟು ಬಳಿದು ತೆಗೆಯುತ್ತಿದ್ದಾಳೆ ಎಂದೆ. ಎಲ್ಲರಿಗೂ ಸರಿಯೆನಿಸಿತು. ಹೆಂಗಸರ ಕಡೆ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುವವರು, ನಗುವವರು, ಗಂಡನ ಹೆಸರು ಹೇಳದೆ ಗಂಡನನ್ನು ಬೈಯುವವರು. ಒಂದು ವರ್ಷ ಬಾಯಿ ತಪ್ಪಿ "ಒಂದು ಸೇರು" ಎಂದಿದ್ದಕ್ಕೆ, "ಏ ಹುಡುಗಿ, ಹೋದ ವರ್ಷ ಎರಡು ಅಂದಿದ್ದಿ, ಬರೋಬರಿ ಓದು," ಎಂದು ಹಿಂದಿನ ಸಾಲಿನಿಂದ ದಬಾಯಿಸಿದರು. ನಾನು ಕಟ್ಟಿದ ಸುಳ್ಳಿಗೆ ನಾನೇ ತಪ್ಪದೆ ನಡೆಯಬೇಕಾಯಿತು.

ಹೀಗೆ ಎರಡು ನಾತಾಳ ದಾಟಿದವು. ನಾಲ್ಕನೇ ಇಯತ್ತೆಯಲ್ಲಿದ್ದೆ. ಸೂಟಿ ಬೀಳುವ ಹಿಂದಿನ ದಿನ ಅಪ್ಪ ಅರಳೆ ಅಂಗಡಿಯಿಂದ ಬಂದವನು ರುಮಾಲು ಬಿಚ್ಚುತ್ತ ತಣ್ಣಗೆ ಹೇಳಿದ:

"ಈ ಸೂಟಿ ಮುಗದ ಮ್ಯಾಲೆ ಗಂಗಿ ಸಾಲಿಗೆ ಹೋಗೂದು ಬ್ಯಾಡ. ಸುಳ್ಳ ಊರಿನ ಫಕೀರಗೌಡರ ಮನ್ಯಾಗಿಂದ ಮಾತು ಬಂದೈತಿ. ರೊಟ್ಟಿ ಬಡಿಯೂದು ಕಲೀಲಿ."

ನನಗೆ ಹನ್ನೊಂದು ವರ್ಷ. ಮೊದಲು ಲಗ್ನದ ಮಾತು ತಲೆಗೇ ಹೋಗಲಿಲ್ಲ, ಸಾಲಿಯದು ಹೋಯಿತು. ಸಾಲಿ ಎಂದರೆ ನನಗೆ ಜೀವ. ಸುಣ್ಣದ ವಾಸನೆಯ ಆ ಕೋಣೆ, ನಮ್ಮ ಅಕ್ಕೋರು ನಕಾಶೆ ಬಿಡಿಸಿ ಇದು ಸಮುದ್ರ ಎಂದು ಬೆರಳಿಡುವುದು, ಪಾಟಿಗೆ ಪಾಟಿ ತಾಗಿಸಿ ಕೂಡುವುದು. ಅರಳೆಯ ಚೀಲಗಳ ಸಂದಿಯಲ್ಲಿ ಹೊಕ್ಕು ಹೊಟ್ಟೆ ನೋಯುವಷ್ಟು ಅತ್ತೆ. ಆಯಿ ಹುಡುಕಿಕೊಂಡು ಬಂದಳು.

"ಅಳಬ್ಯಾಡ. ನಿಮ್ಮಪ್ಪ ಹಠಮಾರಿ ಅದಾನ, ಖರೇ. ಆ ಹಠಾ ಯಾರ ಹೊಟ್ಟ್ಯಾಗಿಂದ ಬಂತು ಅನ್ನೂದು ಅಂವಗ ಮರತೈತಿ. ಮೂಗ ಒರಸ್ಕೊ."

ಆಯಿಗೆ ಹೆಣ್ಣುಮಕ್ಕಳ ವಿದ್ಯೆಯ ಬಗ್ಗೆ ದೊಡ್ಡ ವಿಚಾರವೇನೂ ಇರಲಿಲ್ಲ. ಅವಳಿಗೆ ಸಿನೆಮಾ ಓದಿ ಹೇಳುವವರು ಬೇಕಿತ್ತು. ಅಷ್ಟೇ. ನೆಟ್ಟಗೆ ಹೋಗಿ ಅಪ್ಪನ ಎದುರು ನಿಂತಳು.

"ಚನಬಸಾ, ಹುಡುಗೀನ್ನ ಸಾಲಿ ಬಿಡಿಸಿದರ ನನಗ ಸಿನೆಮಾ ಯಾರು ಓದಬೇಕು?"

ಅಪ್ಪ ನಕ್ಕುಬಿಟ್ಟ. "ಅವ್ವಾ, ಅಕಿ ಮರಾಠಿ ಸೈತ ಫಡಫಡ ಓದ್ತಾಳಂತ ನೀನಽ ಓಣಿ ತುಂಬ ಸಾರಿಕೊಂತ ಬಂದಿ. ಓದಾಕ ಬಂತಂದ ಮ್ಯಾಲೆ ಸಾಲಿ ಕೆಲಸಾ ಮುಗೀತು. ಇನ್ನೇನು ಕಲಿಯೂದೈತಿ?"

ಆಯಿ ಗೊಣಗುತ್ತ ಒಳಗೆ ನಡೆದಳು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ನನ್ನ ಸುಳ್ಳು ನನ್ನ ಸಾಲಿಗೇ ಮುಳುವಾಗಿತ್ತು. ಓಡಿ ಹೋಗಿ, ನನಗೆ ಒಂದಕ್ಷರವೂ ಬರುವುದಿಲ್ಲ ಎಂದು ಹೇಳಿದರೆ ಸಾಲಿ ಉಳಿದೀತು. ಆದರೆ ಆಯಿ? ಬೀಬಿಜಾನ್? ಆ ನಲವತ್ತು ಹೆಂಗಸರು? ಮೂರು ದಿನ ಬಾಯಿವರೆಗೆ ಬಂದ ಮಾತನ್ನು ನುಂಗಿದೆ. ನಾನು ಅಷ್ಟು ಪುಕ್ಕಲಿ ಎಂದು ನನಗೆ ಆಗಲೇ ಗೊತ್ತಾದದ್ದು.

ನಾಲ್ಕನೆಯ ದಿನ ಫಕೀರಗೌಡರು ಸುಳ್ಳದಿಂದ ಚಕ್ಕಡಿ ಕಟ್ಟಿಕೊಂಡು ಬಂದರು. ದೊಡ್ಡ ಮೀಸೆಯ, ದೊಡ್ಡ ನಗೆಯ ಒಕ್ಕಲುಮಗ. ಓದುಬರಹ ಬರುತ್ತಿರಲಿಲ್ಲ. ಬೀಗರಾಗುವವರನ್ನು ಬರಿಗೈಲಿ ಕಳಿಸಬಾರದೆಂದು ಅಪ್ಪ ಅವರನ್ನು ಸಂಜೆ ಸಿನೆಮಾಕ್ಕೆ ಕರೆದುಕೊಂಡು ಹೋದ. ಅವರಿಬ್ಬರೂ ಪರದೆಯ ಮುಂದೆ, ನಾವು ಹಿಂದೆ. ಅಂದಿನ ಚಿತ್ರ ರಾಣಿಯದು.

ಅಂದೇ ಗಂಡಸರ ಕಡೆಯ ಮಾಸ್ತರನಿಗೆ ನೆಗಡಿಯಾಗಿ ಗಂಟಲು ಕಟ್ಟಿಹೋಗಿರಬೇಕೆ! ಬೆತ್ತ ಎತ್ತಿದನಂತೆ, ಬಾಯಿ ತೆರೆದನಂತೆ, ಒಳಗಿನಿಂದ ಗಾಳಿ ಮಾತ್ರ ಬಂತಂತೆ. ಇದೆಲ್ಲ ಆಮೇಲೆ ಗೊತ್ತಾದದ್ದು. ಇಂಜಿನ್ನಿನ ಸಪ್ಪಳದಲ್ಲಿ ನಮಗೇನು ತಿಳಿಯಬೇಕು? ನಾನು ರೂಢಿಯಂತೆ ಕೊರಳ ನರ ಉಬ್ಬಿಸಿ ಓದತೊಡಗಿದೆ. ಪ್ರತಿ ವರ್ಷ ನನ್ನ ದನಿ ಮಾಸ್ತರನ ದನಿಯಲ್ಲಿ ಮುಳುಗಿಹೋಗುತ್ತಿತ್ತು. ಅಂದು ಮಾಸ್ತರನಿಲ್ಲ. ಅಕ್ಷರ ಬಂದಾಗಲೆಲ್ಲ ಪೇಟಿಯವನೂ ರೂಢಿಯಂತೆ ಕೈ ನಿಲ್ಲಿಸುತ್ತಿದ್ದ. ತೋಯ್ದ ಪರದೆಯನ್ನು ದಾಟಿ ನನ್ನ ದನಿ ಇಡೀ ಗಂಡಸರ ಕಡೆಗೆ ಕೇಳಿತು.

ಓದು ಬಾರದವರು ಮೆಚ್ಚಿ ತಲೆದೂಗಿದರು. ಓದು ಬಲ್ಲವರು ಮೊದಲು ಕಕ್ಕಾಬಿಕ್ಕಿಯಾಗಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅಪ್ಪ ಮುಂಬಯಿಯ ಅರಳೆ ಪೇಟೆಗೆ ಮರಾಠಿಯಲ್ಲಿ ಕಾಗದ ಬರೆಯುವವನು. ಆತನ ಕಣ್ಣೆದುರು ಒಂದು ಮಾತು, ಕಿವಿಯಲ್ಲಿ ಇನ್ನೊಂದು. ದನಿ ಯಾರದೆಂದು ಗುರುತು ಹಿಡಿಯಲು ಅವನಿಗೆ ಎಷ್ಟು ಹೊತ್ತು ಬೇಕು? ಕೊನೆಯಲ್ಲಿ ರಾಣಿ ಬಾಗಿದಳು. ನಾನು ಎರಡು ಸೇರು ಜೋಳ ಬೀಸಲು ಹೇಳಿದೆ. ಡೇರೆ ಹಾರಿಹೋಗುವಂತೆ ಗಂಡಸರ ಕಡೆ ನಗೆ ಎದ್ದಿತು. ನಮ್ಮ ಕಡೆ ಎಲ್ಲರೂ ಬೆರಗಾದರು, ಗಂಡಸರು ಆ ಜಾಗದಲ್ಲಿ ನಕ್ಕದ್ದು ಅದೇ ಮೊದಲು. ಪಕ್ಕದಲ್ಲಿ ಫಕೀರಗೌಡರು ಅಪ್ಪನ ತೊಡೆ ಬಡಿದು ಹೇಳಿದರಂತೆ:

"ಭಾಳ ಛಲೋ ಮಾತು ಹೇಳಿದಳ್ರೀ ರಾಣಿ! ಹೌದಲ್ಲ ಮತ್ತ? ಇಷ್ಟ ದಿನಾ ಅಕಿ ಬೀಸ್ಯಾಳ, ಇಂವಾ ಒಂದಿನಾ ಬೀಸಲಿ!"

ಮರುದಿನ ಬೆಳಿಗ್ಗೆ ಫಕೀರಗೌಡರು ಜಗಲಿಯಲ್ಲಿ ಕುಳಿತು ಅವಲಕ್ಕಿ ತಿನ್ನುತ್ತಿದ್ದರು. ಅಪ್ಪ ನನ್ನನ್ನು ಕರೆದು, ಮುಂಬಯಿಯಿಂದ ಬಂದ ಒಂದು ಮರಾಠಿ ಪತ್ರಿಕೆಯನ್ನು ಕೈಗೆ ಕೊಟ್ಟ.

"ಓದು."

ಆಯಿ ಬಾಗಿಲಲ್ಲಿ ನಿಂತಿದ್ದಳು. ಮೊಸರು ಕೇಳಲು ಬಂದ ಬೀಬಿಜಾನ್ ಅವಳ ಹಿಂದೆ. ನಾನು ಪತ್ರಿಕೆಯನ್ನು ನೋಡಿದೆ. ಏನು ಮಾಡಿದೆನೆಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ: ಅದನ್ನು ತಿರುವಿ, ಬಿಸಿಲಿಗೆ ಹಿಡಿದು, ಹಿಂದಿನಿಂದ ನೋಡಿದೆ.

"ಹಿಂದಿಂದ ಯಾಕ ನೋಡ್ತಿ?" ಎಂದ ಅಪ್ಪ.

"ನಮಗ ಹಿಂಗಽ ಕಾಣತೈತಿ," ಎಂದೆ. ಅಷ್ಟೇ ಹೇಳಲು ಸಾಧ್ಯವಾಯಿತು. ಆಮೇಲೆ ಅಳು ಬಂತು, ಅಳುವಿನ ಜೊತೆ ಎಲ್ಲವೂ ಬಂತು. "ನನಗ ಬರೂದಿಲ್ಲ ಅಪ್ಪಾ. ಒಂದು ಅಕ್ಷರಾನೂ ಬರೂದಿಲ್ಲ. ಎಲ್ಲಾ ನಾನಽ ಹುಟ್ಟಿಸಿ ಹೇಳಿದ್ದು."

ಅಪ್ಪ ಆಯಿಯ ಕಡೆ ತಿರುಗಿದ. "ಕೇಳಿದಿ ಅವ್ವಾ? ನಾಕ ವರ್ಷಾ ಸಾಲಿ ಕಲತು ಈಕಿಗೆ ಓದಾಕ ಬರೂದಿಲ್ಲ!"

ಆಯಿ ಒಂದು ಕ್ಷಣವೂ ತಡ ಮಾಡಲಿಲ್ಲ.

"ಹೌದಲ್ಲೋ. ಓದಾಕ ಬಂದರ ಸಾಲಿ ಕೆಲಸಾ ಮುಗೀತು ಅಂತ ನೀನಽ ಅಂದಿ. ಬರೂದಿಲ್ಲಂತ ಈಗ ನೀನಽ ಹೇಳಾಕತ್ತಿ. ಹಂಗಾದ್ರ ಮುಗದಿಲ್ಲ. ಸೂಟಿ ಮುಗದ ಕೂಡ್ಲೆ ಸಾಲಿಗೆ ಕಳಸು."

ಅಪ್ಪ ಫಕೀರಗೌಡರ ಮುಖ ನೋಡಿದ, ಅವರಾದರೂ ತನ್ನ ಕಡೆ ಮಾತಾಡಲಿ ಎಂದು. ಅವರು ಅವಲಕ್ಕಿಯ ತಾಟು ಕೆಳಗಿಟ್ಟು ಮೀಸೆ ಒರೆಸಿಕೊಂಡರು.

"ನಿನ್ನೆ ಕೇಳಿದ್ದು ಈ ಹುಡುಗೀ ದನೀ ಏನು? ಅಬ್ಬಬ್ಬಾ! ನಮ್ಮ ಹೊಲದಾಗ ಹಕ್ಕಿ ಕಾಯಾಕ ನಿಲ್ಲಿಸಿದರ ಒಂದು ಕಾಳು ಹೋಗೂದಿಲ್ಲ ನೋಡ್ರಿ." ನಕ್ಕು, ಆಮೇಲೆ ಗಂಭೀರವಾದರು. "ಅವ್ವಾರು ಹೇಳೂದು ಬರೋಬರಿ ಐತ್ರಿ ಸಾಹುಕಾರ್ರ. ಅರ್ಧಾ ಹರಗಿದ ಹೊಲಾ ಬಿಡಬಾರದು, ಕಸಾ ಬೆಳೀತೈತಿ. ನಮಗೇನೂ ಅವಸರಿಲ್ಲ."

ಅವಸರವಿಲ್ಲ ಎಂದವರು ಮುಂದಿನ ಬೇಸಿಗೆಯಲ್ಲೇ ಮಗನಿಗೆ ಬೇರೆ ಕಡೆ ಹೆಣ್ಣು ತಂದರು. ಅದೂ ಒಳ್ಳೆಯದೇ ಆಯಿತು, ನಮ್ಮಲ್ಲಿ ಯಾರಿಗೂ ಬೇಸರವಾಗಲಿಲ್ಲ. ಅವರ ಹೊಲದ ಸೀತನಿ ಮಾತ್ರ ಎಷ್ಟೋ ವರ್ಷ ನಮ್ಮ ಮನೆಗೆ ಬರುತ್ತಿತ್ತು.

ಅಪ್ಪ ಸೋತ. ಆದರೆ ವ್ಯಾಪಾರಸ್ಥ, ಕರಾರಿಲ್ಲದೆ ಸೋಲುವವನಲ್ಲ. "ಒಂದು ವರ್ಷ. ಮುಂದಿನ ನಾತಾಳಕ್ಕ ಇದಽ ಚಿತ್ರಕ್ಕ ನಾ ಮುಂದ ಕುಂತು ಕೇಳ್ತೇನಿ. ಪರದೆ ಮ್ಯಾಲೆ ಏನೈತಿ ಅದನ್ನಽ ಓದಬೇಕು, ಕನ್ನಡದಾಗ. ಒಂದು ಮಾತು ಮನೀದು ಸೇರಿಸಿದರ ಅವತ್ತಿಗೆ ಸಾಲಿ ಮುಗೀತು."

"ಕಬೂಲ," ಎಂದಳು ಆಯಿ. ನನ್ನನ್ನು ಯಾರೂ ಕೇಳಲಿಲ್ಲ.

ಅಂದು ಮಧ್ಯಾಹ್ನ ಆಯಿಯ ಕಾಲು ತಿಕ್ಕುತ್ತ, "ನಿನಗ ಸುಳ್ಳು ಹೇಳಿದೆ, ಸಿಟ್ಟು ಬಂತೇನು?" ಎಂದು ಕೇಳಿದೆ. ಆಯಿ ಕಣ್ಣು ತೆರೆಯದೆ, "ಹುಚ್ಚಿ, ಅಲ್ಲೆ ಇದ್ದದ್ದು ನಾಕ ಅಕ್ಷರ. ನೀ ನಾಕ ಹರದಾರಿ ಓದ್ತಿದ್ದಿ. ನನಗೇನು ಕಣ್ಣಿಲ್ಲೇನು?" ಎಂದಳು. ಎರಡು ವರ್ಷ ನಾನು ಹೆದರಿದ್ದೆಲ್ಲ ದಂಡ!

ಆ ವರ್ಷ ನಾನು ಓದಿದಂತೆ ಮುಂದೆ ಯಾವ ಪರೀಕ್ಷೆಗೂ ಓದಿಲ್ಲ. ನಮ್ಮ ಅಕ್ಕೋರಿಗೆ ಮರಾಠಿ ಬರುತ್ತಿತ್ತು. ಸಾಲಿ ಬಿಟ್ಟ ಮೇಲೆ ದಿನಾ ಅರ್ಧ ತಾಸು ಕಾಡಿ ಬೇಡಿ ಬಾಳಬೋಧ ಕಲಿತೆ. ಆದರೆ ನೇರ ಓದಿದರೆ ನನ್ನ ಕೆಲಸಕ್ಕೆ ಬಾರದಲ್ಲ? ಮನೆಗೆ ಬಂದು ಪಾಠದ ಹಾಳೆಯನ್ನು ಹಿತ್ತಲ ಕಡೆಯ ಕಿಟಕಿಗೆ ಅನ್ನದ ಗಂಜಿಯಿಂದ ಅಂಟಿಸಿ, ಅದರ ಹಿಂದೆ ದೀಪ ಇಟ್ಟು, ಹೊರಗೆ ಹೋಗಿ ಹಿತ್ತಲಲ್ಲಿ ನಿಂತು ಹಿಂದಿನಿಂದ ಓದುತ್ತಿದ್ದೆ. ಮೊದಮೊದಲು ತಲೆ ತಿರುಗುತ್ತಿತ್ತು. ಹಿತ್ತಲಲ್ಲಿ ಗೋಡೆಗೆ ಮುಖ ಮಾಡಿ ಮರಾಠಿ ಕೂಗುವ ಹುಡುಗಿಯನ್ನು ನೋಡಿ ಓಣಿಯವರು ಗಾಳಿ ಹೊಕ್ಕಿದೆ ಎಂದರು. ಬೀಬಿಜಾನ್ ಒಂದು ತಾಯತ ಕಟ್ಟಿ, "ಗಾಳಿ ಹೋಗಾಕಲ್ಲ ಬೇಟೀ, ಪಾಸ್ ಆಗಾಕ," ಎಂದಳು. ಬಿಸಿಲಾಯಿತು, ಮಳೆಯಾಯಿತು, ನಾನು ಬಿಡಲಿಲ್ಲ. ದೀಪಾವಳಿ ಬರುವ ಹೊತ್ತಿಗೆ ಕಣ್ಣು ಹಾಯಿಸಿದರೆ ತಿರುವುಮುರುವು ಅಕ್ಷರ ತಾವೇ ನೆಟ್ಟಗಾಗಿ ನಿಲ್ಲುತ್ತಿದ್ದವು. ನನಗೆ ಬಂದಿದ್ದ ಖುಷಿಗೆ ಪಾರವಿರಲಿಲ್ಲ.

ನಾತಾಳ ಬಂತು. ಡೇರೆ ಬಂತು. ರಾಣಿಯೂ ಬಂದಳು, ಚಿತ್ರದ ಸುರುಳಿ ಇನ್ನಷ್ಟು ಗೀರುಬಿದ್ದು, ಮಳೆಯಲ್ಲಿ ನಿಂತವಳಂತೆ. ಅಪ್ಪ ಡೇರೆಯವನಿಗೆ ಹೇಳಿ ಅಂದು ಮಾಸ್ತರನನ್ನು ಸುಮ್ಮನೆ ಕೂಡಿಸಿದ್ದ. ತಾನು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುಳಿತಿದ್ದ. ಸುದ್ದಿ ಹಬ್ಬಿ ಹೆಂಗಸರ ಕಡೆ ಕಾಲಿಡಲು ಜಾಗವಿರಲಿಲ್ಲ.

ಮೊದಲ ಅಕ್ಷರ ಮೂಡಿತು. ಓದಿದೆ, ಇದ್ದದ್ದನ್ನು ಇದ್ದ ಹಾಗೆ. ಮುಂದಿನಿಂದ ಅಪ್ಪನ ದನಿ, "ಬರೋಬರಿ!" ಎರಡನೆಯದು. "ಬರೋಬರಿ!" ಒಂದೊಂದಕ್ಕೂ ನನಗೆ ಎದೆ ಉಬ್ಬಿ ಬರುತ್ತಿತ್ತು. ಆದರೆ ನನ್ನ ಸುತ್ತ ಏನೋ ಆಗುತ್ತಿತ್ತು. ಹೆಂಗಸರು ಸೀತನಿ ಅಗಿಯುವುದನ್ನು ನಿಲ್ಲಿಸಿದ್ದರು. ನಾದಿನಿಯ ಹೆಸರೇ ಬರಲಿಲ್ಲ. ಹೊರಗೆ ಹಾಕುವಾಗ ರಾಣಿ ಒಂದು ಮಾತೂ ತಿರುಗಿ ಆಡಲಿಲ್ಲ, ಹಣೆಬರಹ ಎಂದಳು.

"ಏನಾತು ಈ ರಾಣಿಗೆ?" ಎಂದು ಬೀಬಿಜಾನ್ ಕಳವಳದಿಂದ ನನ್ನ ತೋಳು ಹಿಡಿದಳು. "ಹೋದ ವರ್ಷ ಛಲೋ ಇದ್ದಳಲ್ಲ?"

ಕೊನೆಯ ಜಾಗ ಬಂತು. ರಾಜ ಬಾಗಿಲಿಗೆ ಬಂದ. ರಾಣಿ ಬಾಗಿದಳು. ಹಿಂದಿನ ಸಾಲಿನಿಂದ ಯಾರೋ, "ಎರಡು ಸೇರು, ಗಂಗೀ! ಎರಡು ಸೇರು!" ಎಂದು ಕೂಗಿದರು. ಇನ್ನೊಬ್ಬರು ಕೂಗಿದರು. ಅಕ್ಷರ ಮೂಡಿತು. ಒಂದೇ ಒಂದು ಸಾಲು. ಅದನ್ನು ನಾನು ಅಲ್ಲಿಯವರೆಗೆ ನೂರು ಸಲ ನೋಡಿದ್ದೆ, ಓದಿದ್ದು ಅದೇ ಮೊದಲು. ಪರದೆಯ ಆಚೆ ಅಪ್ಪ ಕಾಯುತ್ತಿದ್ದ. ಓದಿದೆ.

"ನಾಥಾ, ತಪ್ಪೆಲ್ಲ ನನ್ನದೇ. ನಿಮ್ಮ ಪಾದದ ಧೂಳಾಗಿರಲು ಅಪ್ಪಣೆ ಕೊಡಿರಿ."

"ಬರೋಬರಿ! ಎಲ್ಲಾ ಬರೋಬರಿ!" ಅಪ್ಪನ ದನಿಯಲ್ಲಿ ಹೆಮ್ಮೆ ಇತ್ತು, ನಾನು ಕೇಳಿದೆ. ನಮ್ಮ ಕಡೆ ಹೆಂಗಸರು ಉಡಿಯಲ್ಲಿ ಉಳಿದ ಸೀತನಿಯನ್ನು ಗಂಟು ಕಟ್ಟತೊಡಗಿದರು. ಗೆದ್ದಿದ್ದೆ, ಆದರೂ ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿ ನಿಂತೆ.

ಆಯಿ ಮೊಣಕಾಲಿಗೆ ಕೈಯೂರಿ ನಿಧಾನವಾಗಿ ಎದ್ದಳು.

"ಖರೇನಽ ಅಲ್ಲೆ ಹಂಗ ಬರದಾರೇನು?"

"ಹೌದು ಆಯಿ."

"ಬರದಾಂವ ಮುಂದಿನ ಕಡೆ ಕುಂತಾಂವಽ ಇರಬೇಕು," ಎಂದಳು ಆಯಿ. ಆಮೇಲೆ ಪರದೆಯ ಹತ್ತಿರ ಹೋಗಿ, ತೋಯ್ದ ಬಟ್ಟೆಯ ಮೇಲೆ ಅಂಗೈಯಿಂದ ಎರಡು ಸಲ ಬಡಿದು, ಇಂಜಿನ್ನಿಗಿಂತ ಜೋರಾಗಿ ಕೂಗಿದಳು:

"ಏ ಚನಬಸಾ! ಹುಡುಗಿಗೆ ಓದೂದು ಬಂತು. ಇನ್ನ ಬರಿಯೂದು ಕಲೀಬೇಕು. ಸಾಲಿ ಬಿಡಿಸೂಹಂಗಿಲ್ಲ!"